ನಾಲ್ಕು ಗಂಟೆಯ ಕಾಫಿ

ಮಾರ್ಚ್ ೧೪, ಗುರುವಾರ

ಸಿಟ್ಟು ಇನ್ನೂ ಆರಿಲ್ಲ. ನಾನು ಕಾದಂಬರಿ ಬರೆಯುವ ಬಗೆ ಕೇಳಲು ಪತ್ರಿಕೆಯ ವರದಿಗಾರ್ತಿ ಬಂದಿದ್ದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಯಜಮಾನರೇ ಶುರು ಮಾಡಿದರು.

“ಬೆಳಗಿನ ಜಾವ ನಾಲ್ಕಕ್ಕೇ ಬರೆಯೋಕೆ ಕೂರ್ತಾಳೆ. ಕಾಫಿ ನಾನೇ ಮಾಡಿಕೊಡ್ತೀನಿ. ಇವಳ ಹವ್ಯಾಸ ಏನು ಅಂತೀರಾ? ನನ್ನ ಶರ್ಟು ಇಸ್ತ್ರಿ ಮಾಡೋದು ಅಂದ್ರೆ ಇವಳಿಗೆ ಪ್ರಾಣ.”

ಆರು ಕಾದಂಬರಿಗಳನ್ನೂ ನಾನು ಬರೆದದ್ದು ಮಧ್ಯಾಹ್ನ, ಇವರು ಆಫೀಸಿನಲ್ಲಿದ್ದಾಗ, ಆ ಇಸ್ತ್ರಿ ಮೇಜಿನ ಮುಂದೆ ನಿಂತುಕೊಂಡು. ಒಂದು ಶರ್ಟು, ಒಂದು ಪುಟ. ಕಾಫಿ ಮಾಡಿಕೊಡ್ತಾರಂತೆ! ಮೂವತ್ತು ವರ್ಷದಲ್ಲಿ ಒಂದು ಲೋಟ ನೀರು ತಂದುಕೊಟ್ಟವರಲ್ಲ.

ಜಗಳ ಆಡಲಿಲ್ಲ. ನಗುತ್ತಲೇ ಆಕೆಗೆ ಹೇಳಿದೆ, “ನಾಳೆ ನಾಲ್ಕಕ್ಕೇ ಬನ್ನಿ. ಇವರು ಕಾಫಿ ಮಾಡೋ ಫೋಟೋನೇ ಹಾಕಿ.” ಆಕೆ ಖುಷಿಯಿಂದ ಒಪ್ಪಿದಳು. ಇವರ ಮುಖ ಇಂಗು ತಿಂದ ಮಂಗನ ಹಾಗಾಯಿತು.

ಊಟದ ಹೊತ್ತಿಗೆ ಮೆಲ್ಲಗೆ, “ಫೋನ್ ಮಾಡಿ ಬೇಡ ಅಂದ್ಬಿಡೇ” ಅಂದರು.

“ನೀವೇ ಹೇಳಿ. ನನ್ನ ಪರವಾಗಿ ಮಾತಾಡೋದು ನಿಮಗೆ ಚೆನ್ನಾಗಿ ಬರುತ್ತಲ್ಲ” ಅಂದೆ.

ನನ್ನ ನಿದ್ದೆಯೂ ಕೆಡುತ್ತದೆ, ಕೆಡಲಿ. ಈಗಷ್ಟೇ ಅಡುಗೆಮನೆಗೆ ಹೋಗಿ ಕಾಫಿಪುಡಿ ಡಬ್ಬಿಯನ್ನು ಬೇರೆ ಕಡೆ ಬಚ್ಚಿಟ್ಟು ಬಂದೆ. ಹಾಸಿಗೆಯಲ್ಲಿ ಕೂತ ಮೇಲೆ ಹೊಳೆಯಿತು, ಅದು ಇಷ್ಟು ವರ್ಷ ಎಲ್ಲಿತ್ತೆಂದೇ ಇವರಿಗೆ ಗೊತ್ತಿಲ್ಲ.