ಗುಡ್ಲು ಇಸ್ಕೂಲು

ಮದ್ದೂರು ತಾಲ್ಲೂಕು, ೧೯೪೧

ವರದರಾಜ ಮೇಷ್ಟ್ರೇ, ಅಡ್ಡಬಿದ್ದೆ.

ಪ್ಲೇಗು ಬಂದು ಎಲ್ರೂ ಊರು ಬುಟ್ಟು ಒಲದಲ್ಲಿದ್ದಾಗ ನಿಮ್ಮ ಇಸ್ಕೂಲಿಗೆ ಗುಡ್ಲು ಕಟ್ಕೊಟ್ಟೋನು ನಾನು. ಊರಿನ ಹೆಣಗಳಿಗೆ ಗುಣಿ ತೋಡಿದ್ದೂ ನಮ್ಮ ಕೇರಿಯೋರೇ. ಆ ಗುಡ್ಲಲ್ಲಿ ನನ್ನ ಮಗಳು ಚಿಕ್ಕತಾಯಿ ಎಲ್ಲಾ ಮಕ್ಕಳ ಜತೇಲೇ ಕೂತು ಕಲಿತ್ಲು, ಯಾರ ಜಾತೀನೂ ಕೆಡ್ಲಿಲ್ಲ. ಈಗ ರೋಗ ಓಯ್ತು, ಇಸ್ಕೂಲು ವಾಪಸ್ ಗುಡಿ ಜಗಲಿಗೆ ಬಂತು. ಅವಳು ಮಾತ್ರ ಬೀದೀಲಿ ನಿಂತ್ಕೊಬೇಕಾ? ಇಲಿ ಸತ್ತು ಬೀಳೋವಾಗ ಎಲ್ಲೋಗಿತ್ತು ಮೇಷ್ಟ್ರೇ ನಿಮ್ಮ ಮಡಿ?

ಗುಡ್ಲು ನಾನು ಕೀಳಾಕಿಲ್ಲ. ಸೋಮವಾರದಿಂದ ಅಲ್ಲೇ ಪಾಠ ಮಾಡಿ. ಆಗಕಿಲ್ಲ ಅಂದ್ರೆ ಯಾಕೆ ಅಂತ ಬರೆದು ಕಳ್ಸಿ. ಇದನ್ನ ಬರೆದೋಳು ಚಿಕ್ಕತಾಯಿನೇ. ನಿಮ್ಮ ಜವಾಬನ್ನ ಕೇರಿ ಮುಂದೆ ಗಟ್ಟಿಯಾಗಿ ಓದೋಳೂ ಅವಳೇ.

ಇಂತಿ ಹೆಬ್ಬೆಟ್ಟು,
ಕರಿಸಿದ್ದಯ್ಯ