ಬಾಗಿಲಿಗೆ ಅಡ್ಡ ನಿಂತ ಗಾಡಿ

ಮಾರ್ಚ್ 3, ಸೋಮವಾರ

ಎಂದಿನಂತೆ ಇವಳು ಚಾರ್ಜರ್ ಕಿತ್ತು, ಮುಂಬಾಗಿಲ ಬಳಿಯಿಂದ ನನ್ನ ಮೋಟರ್ ಗಾಲಿಕುರ್ಚಿಯನ್ನು ಮಂಚದ ಹತ್ತಿರ ತಂದಳು. ಹತ್ತಿ ಕೂತೆ. ಫುಲ್ ಚಾರ್ಜ್ ಎಂದು ತೋರಿಸುತ್ತದೆ, ನನ್ನ ವಾಚಿನಂಗಡಿ ತಲುಪುವಷ್ಟರಲ್ಲಿ ಅರ್ಧ. ಲಿಥಿಯಂ ಬ್ಯಾಟರಿ ಹಾಕಿಸಿ ಇನ್ನೂ ವರ್ಷವಾಗಿಲ್ಲ. ಗ್ಯಾರೇಜಿನವನನ್ನು ಕೇಳಬೇಕು... ಬೇಡ. ಗಾಡಿ ಬಿಟ್ಟು ಹೋಗಿ ಎನ್ನುತ್ತಾನೆ. ಬಿಟ್ಟರೆ ಮತ್ತೆ ಹಳೇ ಕಥೆ. ಯಾರಾದರೂ ತಳ್ಳಬೇಕು, ನಾನು ಮೂಟೆಯ ಹಾಗೆ ಕೂರಬೇಕು. ಕಾಲು ಹೋದ ಮೇಲೆ ವರ್ಷಗಟ್ಟಲೆ ಆ ಪಾಡು ಪಟ್ಟಿದ್ದೇನೆ. ಸಾಕು.

ಮಾರ್ಚ್ 6

ಊಟಕ್ಕೆ ಕೂತಾಗ ಇವಳು ಮೂಗರಳಿಸಿದಳು.

"ಏನ್ರೀ, ನೇಲ್ ಪಾಲಿಶ್ ವಾಸನೆ?"

"ನನ್ನನ್ಯಾಕೆ ಕೇಳ್ತೀಯ?"

"ನಾನಂತೂ ಹಚ್ಚಲ್ಲ. ಯಾವ ಗಿರಾಕಿ ಕೈ ಹಿಡ್ಕೊಂಡು ವಾಚ್ ಕಟ್ಟಿ ಬಂದ್ರೋ..."

ನಕ್ಕೆವು. ಈ ವಯಸ್ಸಿನಲ್ಲಿ ನನ್ನ ಮೇಲೆ ಇಂಥ ಅನುಮಾನ! ಒಳಗೊಳಗೇ ಖುಷಿ. ಅವಳು ತಟ್ಟೆ ತೊಳೆಯಲು ಹೋದ ಮೇಲೆ ಸೀಟಿನ ಕೆಳಗೆ ಕೈ ಹಾಕಿ ನೋಡಿದೆ. ಬ್ಯಾಟರಿ ಬಿಸಿ. ಮುಚ್ಚಳದ ಮೂಲೆ ಎದ್ದಿದೆ. ವಾಸನೆ ಅಲ್ಲಿಂದಲೇ. ಗಟ್ಟಿಯಾಗಿ ಟೇಪು ಸುತ್ತಿದೆ. ದಿನವಿಡೀ ವಾಚಿಗೆ ಸೆಲ್ ಹಾಕುವವನಿಗೆ ಬ್ಯಾಟರಿ ಗೊತ್ತಿಲ್ಲವೇ?

ಮಾರ್ಚ್ 7

ಗ್ಯಾರೇಜಿನವನಿಗೆ ಫೋನ್ ಮಾಡಿದೆ. ಪರಿಚಯದವರೊಬ್ಬರ ಬ್ಯಾಟರಿ ಉಬ್ಬಿದೆ ಎಂದು ಸುಳ್ಳು ಹೇಳಿ ಕೇಳಿದೆ.

"ಉಬ್ಬಿದ್ರೆ ಚಾರ್ಜ್ ಹಾಕಲೇಬಾರ್ದು ಸಾರ್. ಟೇಪ್ ಸುತ್ತಿ ಅದುಮೋದು, ಚುಚ್ಚೋದು, ಬಿಚ್ಚೋದು ಏನೂ ಬೇಡ. ಮನೆಯಿಂದ ಹೊರಗಿಡಿ ಅನ್ನಿ. ವಾಚಿನ ಸೆಲ್ ಅಲ್ಲ ಇದು. ಒಳಗೆ ಒಂದು ಕಾದ್ರೆ ಪಕ್ಕದ್ದನ್ನೂ ಕಾಯಿಸತ್ತೆ, ಅದು ಇನ್ನೊಂದನ್ನ..." ಆಮೇಲೆ ಅವನೇ ಕೇಳಿದ. "ನಿಮ್ದು ಸರಿಯಾಗಿದೆ ತಾನೇ? ನಾನು ಕೊಟ್ಟ ಚಾರ್ಜರನ್ನೇ ಹಾಕ್ತಿದ್ದೀರಲ್ಲ?"

"ಹೂಂ" ಅಂದೆ.

ಅವನು ಕೊಟ್ಟದ್ದು ಇನ್ನೂ ಡಬ್ಬದಲ್ಲೇ ಇದೆ. ಅದರ ವೈರ್ ಗಿಡ್ಡ. ಹಳೇ ಬ್ಯಾಟರಿಯ ಚಾರ್ಜರ್ ವೈರ್ ಉದ್ದ, ಬಾಗಿಲವರೆಗೂ ಬರುತ್ತದೆ. ಪಿನ್ ಕೂತಿತು, ದೀಪ ಉರಿಯಿತು, ಇನ್ನೇನು ಬೇಕು ಎಂದುಕೊಂಡಿದ್ದೆ.

ಇವಳಿಗೆ ಹೇಳಲಿಲ್ಲ.

ಮಾರ್ಚ್ 9, ಭಾನುವಾರ, ಸಂಜೆ



ಮಧ್ಯಾಹ್ನ ಇವಳು ಅಕ್ಕನ ಮನೆಗೆ ಹೋದಳು. ನಾಳೆ ಅಂಗಡಿಗೆ ಹೋಗಲು ಇನ್ನೊಂದೇ ಒಂದು ಸಲ ಚಾರ್ಜ್ ಹಾಕೋಣ, ಆಮೇಲೆ ನೋಡೋಣ... ಗಾಡಿಯನ್ನು ಬಾಗಿಲ ಬಳಿ ನಿಲ್ಲಿಸಿ, ಚಾರ್ಜರ್ ಸಿಕ್ಕಿಸಿ, ನೆಲಕ್ಕಿಳಿದು ತೆವಳಿ ಬಂದು ಚಾಪೆಯ ಮೇಲೆ ಮಲಗಿದೆ. ಅದೇ ವಾಸನೆಗೆ ಎಚ್ಚರವಾಯಿತು.

ತೆವಳಿಕೊಂಡು ಹೋದೆ. ಗಾಡಿಯ ಅಡಿಭಾಗವನ್ನು ನೆಲದಿಂದ ನೋಡಿದ್ದು ಅದೇ ಮೊದಲು. ಯಾವಾಗಲೂ ಮೇಲೆ ಕೂತಿರುವವನಲ್ಲವೇ. ಟೇಪು ಹರಿದಿತ್ತು. ಬ್ಯಾಟರಿ ಉಬ್ಬಿ ಸೀಟಿಗೆ ತಾಗಿತ್ತು. ಒಳಗಿಂದ ಟಿಕ್ ಟಿಕ್ ಸದ್ದು... ನನಗೆ ಗೊತ್ತಿರುವ ಟಿಕ್ ಟಿಕ್ ಅಲ್ಲ. ವೈರ್ ಹಿಡಿದು ಜಗ್ಗಿ ಪ್ಲಗ್ ಕಿತ್ತೆ.

ಅಷ್ಟರಲ್ಲಿ ಇವಳು ಹೊರಗಿನಿಂದ ಬಾಗಿಲು ತಳ್ಳಿದಳು. ಗಾಡಿಗೆ ಬಡಿದು ನಿಂತಿತು.

"ಏನ್ರೀ ಇದು? ತೆಗೀರಿ!"

ಬ್ರೇಕ್ ಬಿದ್ದ ಗಾಡಿ, ಅಲುಗಾಡದು. ಮನೆಗಿರುವುದು ಇದೊಂದೇ ಬಾಗಿಲು. ಒಳಗೆ ನಾನು, ಹೊರಗೆ ಇವಳು, ನಡುವೆ ಅದು. ಬೆಂಕಿ ಬಿದ್ದರೆ ನನ್ನನ್ನು ಹೊತ್ತು ಓಡಬೇಕಾದದ್ದೂ ಅದೇ.

"ಬ್ಯಾಟರಿ ಉಬ್ಬಿದೆ, ಹತ್ಕೊಳ್ಳಬಹುದು. ನೀನು ದೂರ ಹೋಗು!"

ಹೋಗಲಿಲ್ಲ. ಸಂದಿಯಲ್ಲಿ ಕೈ ತೂರಿಸಿದಳು. "ಬ್ರೇಕ್ ಬಿಡಿಸೋ ಹಿಡಿ ಯಾವ ಕಡೆ? ಹೇಳ್ರೀ!"

ಹಿಂದಿನ ಚಕ್ರದ ಪಕ್ಕ. ಬಿಸಿಗೆ ಮುಖ ತಿರುಗಿಸಿಕೊಂಡು ನಾನೇ ಎತ್ತಿದೆ. ಬಾಗಿಲು ತಳ್ಳಿದಳು, ಗಾಡಿ ಒಳಕ್ಕೆ ಉರುಳಿತು. ನನ್ನನ್ನು ಚಾಪೆಯ ಮೇಲೆ ಹಾಕಿಕೊಂಡು ಅಂಗಳಕ್ಕೆ ಎಳೆದಳು. ಗಾಡಿ ತರಲು ಮತ್ತೆ ಒಳಗೆ ಹೊರಟವಳ ಕೈ ಹಿಡಿದುಕೊಂಡೆ, ಬಿಡಲಿಲ್ಲ. ಅವಳ ಫೋನಿನಿಂದಲೇ ಫೈರ್ ಸ್ಟೇಷನ್ನಿಗೆ ಹೇಳಿದೆವು. ಫೈರ್‌ನವರು ಬಂದು ಬ್ಯಾಟರಿ ಬಿಚ್ಚಿ ಅಂಗಳದ ನಡುವೆ ಇಟ್ಟರು. ನೋಡುತ್ತಿದ್ದಂತೆ ಹೊಗೆ. ಆಮೇಲೆ ಭಗ್ಗನೆ ಬೆಂಕಿ.

ಮಾರ್ಚ್ 10

ಬೆಳಿಗ್ಗೆ ಇವಳಿಗೆ ಚಾರ್ಜರ್ ವಿಷಯ ಹೇಳಿದೆ. ಗ್ಯಾರೇಜ್ ಫೋನಿನ ವಿಷಯವನ್ನೂ ಹೇಳಿಬಿಟ್ಟೆ. ಬೈಯಲಿ ಎಂದು ಕಾದೆ. ಬೈಯಲಿಲ್ಲ. ಮಧ್ಯಾಹ್ನ ಬಟ್ಟೆ ಮಡಚುತ್ತಾ ಕೇಳಿದಳು:

"ದೂರ ಹೋಗು ಅಂದ್ರಲ್ಲ. ಎಲ್ಲಿಗೆ ಹೋಗ್ಬೇಕಿತ್ತು ನಾನು?"

ಅಷ್ಟೇ. ನನ್ನ ಗಾಡಿ, ನನ್ನ ಬ್ಯಾಟರಿ, ನನ್ನ ಪಾಡು ಎಂದುಕೊಂಡಿದ್ದೆ. ಇವಳು ಬಿಟ್ಟು ಹೋಗುವವಳಲ್ಲ ಎಂಬುದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ. ಬಹಳ ನಾಚಿಕೆಯಾಯಿತು.

ಮಾರ್ಚ್ 24

ಹೊಸ ಬ್ಯಾಟರಿ ಬರುವುದು ತಡ. ದಿನಾ ನಾನು ಬ್ರೇಕ್ ಬಿಡಿಸುವ ಹಿಡಿ ಎತ್ತಿಕೊಡುತ್ತೇನೆ, ಇವಳೇ ಅಂಗಡಿವರೆಗೆ ತಳ್ಳುತ್ತಾಳೆ. ಮೂಟೆ ಅನ್ನಿಸುತ್ತದೆ, ಸುಳ್ಳೇಕೆ. ಆದರೆ ಮೂಟೆಯ ಜೊತೆ ಯಾರೂ ಇಷ್ಟು ಮಾತಾಡುವುದಿಲ್ಲ. ದಾರಿಯಲ್ಲಿ ಯಾರ ಮನೆಯಲ್ಲಿ ಏನು ನಡೆಯುತ್ತಿದೆ, ಎಲ್ಲ ಗೊತ್ತು ಇವಳಿಗೆ. ನಾನು ಇಷ್ಟು ದಿನ ರಸ್ತೆಯ ಗುಂಡಿ ಮಾತ್ರ ನೋಡುತ್ತಿದ್ದೆ.

ಏರಿನಲ್ಲಿ ಏದುಸಿರು. "ಸ್ವಲ್ಪ ಊಟ ಕಡಿಮೆ ಮಾಡ್ರೀ."

ಏಪ್ರಿಲ್ 4

ಬ್ಯಾಟರಿ ಬಂತು. ಅದರದೇ ಚಾರ್ಜರ್. ವೈರ್ ಗಿಡ್ಡ, ಆದ್ದರಿಂದ ಗಾಡಿ ಈಗ ಒಳಗೋಡೆಯ ಪಕ್ಕ ಬರೀ ನೆಲದ ಮೇಲೆ ನಿಲ್ಲುತ್ತದೆ. ಇಬ್ಬರೂ ಎಚ್ಚರವಿದ್ದಾಗ ಮಾತ್ರ ಚಾರ್ಜ್. ಮಲಗುವ ಮುಂಚೆ ಪ್ಲಗ್ ಕೀಳುವುದು ಇವಳ ಅಧಿಕಾರ. ಮಂಚದಿಂದ ಬಾಗಿಲವರೆಗೆ ದಾರಿ ಖಾಲಿ.

ಏಪ್ರಿಲ್ 5, ಅಂಗಡಿಯಲ್ಲಿ

ಬೆಳಿಗ್ಗೆ ಒಬ್ಬನೇ ಹೊರಟೆ. ಸಲೀಸಾಗಿ ಓಡಿತು. ಎಷ್ಟು ದಿನದಿಂದ ಕಾದಿದ್ದೆ ಇದಕ್ಕೆ... ತಿರುವಿನಲ್ಲಿ ಹಿಂತಿರುಗಿ ನೋಡಿದರೆ ಇವಳು ಚಪ್ಪಲಿ ಮೆಟ್ಟಿ ಹಿಂದೆಯೇ ಬರುತ್ತಿದ್ದಾಳೆ. ಸಾಮಾನು ತರಬೇಕಂತೆ. ಕೈಯಲ್ಲಿ ಚೀಲವೇ ಇಲ್ಲ.

ಗಾಡಿ ನಿಲ್ಲಿಸಿದೆ. ಬಗ್ಗಿ, ಬ್ರೇಕ್ ಬಿಡಿಸುವ ಹಿಡಿ ಎತ್ತಿ, ಇವಳು ಬಂದು ತಳ್ಳಲಿ ಎಂದು ಕಾದೆ.