ಯಾವ ಬುಡು?

ಕುವೆಂಪುನಗರ, ಮೈಸೂರು
14 ನವೆಂಬರ್ 2025, ಶುಕ್ರವಾರ

ಮುನಿದು ಹೋದ ನನ್ನ ಮರ್ಲಿನ್‌ಗೆ,

ನೆಲ್ಸನ್ ಬಿನ್ ಸಹಾಯರಾಜ್ ಎಂಬ ನಾನು, ಯಾರ ಒತ್ತಡವೂ ಇಲ್ಲದೆ, ಸ್ವಸ್ಥ ಚಿತ್ತದಿಂದ ಒಪ್ಪಿಕೊಳ್ಳುವುದೇನೆಂದರೆ: ಕ್ರಿಸ್‌ಮಸ್‌ಗೆಂದು ನೀನು ಅಟ್ಟದ ಮೇಲೆ ಬಚ್ಚಿಟ್ಟಿದ್ದ ನಿಂಬೆಕಾಯಿ ಉಪ್ಪಿನಕಾಯಿಯ ಜಾಡಿಯನ್ನು ಪತ್ತೆ ಹಚ್ಚಿ, ತಳ ಕಾಣುವವರೆಗೂ ತಿಂದಿದ್ದೇನೆ. ಸಾಕ್ಷ್ಯನಾಶಕ್ಕಾಗಿ ಚಮಚವನ್ನೂ ನೆಕ್ಕಿದ್ದೇನೆ. ಇದನ್ನು ತಪ್ಪೊಪ್ಪಿಗೆ ಎನ್ನದೆ ‘ತಪ್ಪುಪ್ಪಿಗೆ’ ಎಂದು ದಾಖಲಿಸಿಕೊಳ್ಳಬೇಕಾಗಿ ಪ್ರಾರ್ಥನೆ.

ನಗಲಿಲ್ಲ ಅಲ್ಲವೇ? ಗೊತ್ತು. ಫೋನಿನಲ್ಲಿ ನನ್ನನ್ನು ಬ್ಲಾಕ್ ಮಾಡಿದ್ದೀಯ. ಬೋಗಾದಿಯ ನಿಮ್ಮಮ್ಮನ ಮನೆಗೆ ಬಂದರೆ ಅತ್ತೆ ಗೇಟಿನಲ್ಲೇ, “ಅವ್ಳು ಮಲಗವ್ಳೆ ಕಣಪ್ಪ” ಅನ್ನುತ್ತಾರೆ, ಅದೂ ಮಟಮಟ ಮಧ್ಯಾಹ್ನ. ಪೋಸ್ಟ್‌ಮ್ಯಾನ್‌ನನ್ನಾದರೂ ಒಳಗೆ ಬಿಟ್ಟಾರು ಎಂದು ಈ ಕಾಗದ.

ಆ ಹುಡುಗಿ ಧರಣಿಯ ಕೇಸಿನ ವಿಷಯ. ಮೇಟಗಳ್ಳಿಯ ಕಾರ್ಖಾನೆಯಲ್ಲಿ ದುಡಿಯುವ ಅವಳು ತನ್ನ ಸೂಪರ್‌ವೈಸರ್ ಮೇಲೆ ಅತ್ಯಾಚಾರದ ದೂರು ಕೊಟ್ಟಳು. ಅವನ ಪರ ನಮ್ಮ ಸೀನಿಯರ್ ಶಿವಲಿಂಗಯ್ಯನವರು, ಅವರ ಹಿಂದೆ ಫೈಲು ಹೊರುವ ನಾನು. ಮಾತಿನ ಕೀಲು ಎಲ್ಲಿ ಸಡಿಲವಿದೆ ಎಂದು ಹುಡುಕುವವನೇ ವಕೀಲ. ಅವಳ ಹೇಳಿಕೆಯಲ್ಲಿ ನನಗೊಂದು ಕೀಲು ಸಿಕ್ಕಿತ್ತು: ಅವನ ಕಾರಿನಲ್ಲಿ “ಬುಡಣ್ಣ, ಬುಡಣ್ಣ ಅಂದೆ” ಎಂದಿದ್ದಳು. ಊಟಕ್ಕೆ ಕೂತಾಗ ನಿನ್ನೆದುರು ಜಂಬ ಕೊಚ್ಚಿದೆ: ಮನೆಗೆ ಬುಡು ಅಂದಳೋ, ಆಯ್ತು ಬುಡು ಅಂದಳೋ ಯಾರು ಬಲ್ಲರು, ನಮ್ಮೂರಿನ ಬುಡುವಿಗೆ ಬುಡವೇ ಇಲ್ಲ!

ನೀನು ತಟ್ಟೆ ಸರಿಸಿದೆ. “ಅವನಿಗೂ ವಕೀಲ ಬೇಕು, ಒಪ್ತೀನಿ ಕಣ್ರೀ. ಅದಕ್ಕೆ ಆ ಹುಡುಗೀನ ನಗೆಪಾಟಲು ಮಾಡ್ಬೇಕಾ? ಆ ಪ್ರಶ್ನೆ ನೀವು ಕೈಬಿಡೋ ತನಕ ನಾನು ಈ ಮನೇಲಿರಲ್ಲ,” ಅಂದೆ. ಹೊರಟೂ ಬಿಟ್ಟೆ.

ಈಗ ಕೇಳು. ಆ ಪ್ರಶ್ನೆ ಬೇಡವೇ ಬೇಡ ಎಂದು ನಾನು ಸೀನಿಯರ್‌ಗೆ ಖಡಾಖಂಡಿತವಾಗಿ ಹೇಳಿದ್ದೆ. ಆದರೂ ನಿನ್ನೆ ಪಾಟೀಸವಾಲಿನಲ್ಲಿ ಅವರು ಕೇಳಿಯೇಬಿಟ್ಟರು. ಇಂಥ ಕೇಸಿಗೆ ಕೋರ್ಟಿನ ಬಾಗಿಲು ಮುಚ್ಚಿರುತ್ತದೆ. ಹೊರಗಿನವರೆಂದರೆ ಅವಳ ತಾಯಿ ಸಾಕಮ್ಮ ಒಬ್ಬರೇ. “ಏನಮ್ಮಾ, ಯಾವ ಬುಡು ಅದು? ಮನೆಗೆ ಬುಡೋ, ಆಯ್ತು ಬುಡೋ?” ಎಂದು ಸೀನಿಯರ್ ಧರಣಿಯನ್ನು ಕೇಳಿದರು.

ಅವಳು ತನ್ನ ಎಡಗೈ ಮಣಿಕಟ್ಟನ್ನು ತಾನೇ ಬಲಗೈಯಿಂದ ಬಿಗಿಯಾಗಿ ಹಿಡಿದು, ಬಿಡಿಸಿಕೊಳ್ಳಲು ಎಳೆದಳು. ಬಿಡಲಿಲ್ಲ. ಬಳೆಯೊಂದು ಒಡೆಯಿತು.

“ಈ ಬುಡು ಸಾರ್,” ಅಂದಳು.

ನಾನು ಹೊರಗೆ ಬಂದುಬಿಟ್ಟೆ ಮರ್ಲಿನ್. ಕರಿಕೋಟಿನ ಮಾನ ಉಳಿಸಿ, ಎಲ್ಲರೆದುರು ಎದ್ದು ಬಂದೆ. ನಿನ್ನ ಗಂಡನಿಗೂ ಬೆನ್ನುಮೂಳೆ ಇದೆ ಎಂದು ಅತ್ತೆಗೆ ಹೇಳು.

ಕಾರಿಡಾರಿನಲ್ಲಿ ನಿಂತಾಗ ನಮ್ಮ ಅಡುಗೆಮನೆ ನೆನಪಾಯಿತು. ಒಗ್ಗರಣೆ ಹಾಕುವಾಗ ಹಿಂದಿನಿಂದ ಬಂದು ಕೈ ಹಿಡಿದರೆ ನೀನು “ಬುಡ್ರೀ” ಅನ್ನುತ್ತಿದ್ದೆ. ಯಾವ ಬುಡು ಎಂದು ನಾನು ಯಾವತ್ತೂ ಕೇಳಿದವನಲ್ಲ. ಬಿಡುತ್ತಿದ್ದೆ.

ಬರುತ್ತೀಯಾ?

ಜಾಡಿಯಂತೆಯೇ ಖಾಲಿಯಾಗಿರುವ,
ನಿನ್ನ
ನೆಲ್ಸನ್

ಮರೆತ ಮಾತು: ಮರೆತದ್ದಲ್ಲ. ಅಂಟಿಸಿದ ಕವರನ್ನು ಬಿಚ್ಚಿ ಬರೆಯುತ್ತಿದ್ದೇನೆ. ಸೀನಿಯರ್‌ಗೆ ನಾನು ಬೇಡ ಎಂದಿರಲಿಲ್ಲ. ಆ ಪ್ರಶ್ನೆಯನ್ನು ಚೀಟಿಯಲ್ಲಿ ಬರೆದುಕೊಟ್ಟವನೇ ನಾನು. ಅವರು ಕೇಳಿದಾಗ, ನನ್ನದೇ ಜೋಕು ನೋಡು, ನಕ್ಕುಬಿಟ್ಟೆ. ಬೇರೆ ಯಾರೂ ನಗಲಿಲ್ಲ. ಧರಣಿ “ಈ ಬುಡು ಸಾರ್” ಅಂದದ್ದು ಶಿವಲಿಂಗಯ್ಯನವರಿಗಲ್ಲ, ನನ್ನ ಕಡೆ ತಿರುಗಿ. ಆಮೇಲೆ ನಾನು ಎದ್ದು ಬರಲೂ ಇಲ್ಲ. “ಹೊರಗೆ ಹೋಗ್ರೀ,” ಎಂದು ಜಡ್ಜ್ ಎರಡು ಸಲ ಹೇಳಬೇಕಾಯಿತು.